ಪತ್ರಿಕೆ ಒಂದು: ಅರ್ಜಿ ಬರಹ

ಮಾಡದಕೆರೆಯಲ್ಲಿ ಬೆಳಿಗ್ಗೆ ಹೊಸದುರ್ಗದ ಬಸ್ಸಿಗೆ ಕಾಯುವವರ ನಡುವೆ ಇಬ್ಬರು ಕಾಲೇಜು ವಿದ್ಯಾರ್ಥಿಗಳನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಹುಡುಗನಿಗೆ ಹುಟ್ಟಿನಿಂದ ಕಣ್ಣು ಕಾಣದು, ಬಿ.ಎ. ಓದುತ್ತಾನೆ. ಹುಡುಗಿಗೆ ಎರಡೂ ಕಾಲಿಗೆ ಕ್ಯಾಲಿಪರ್, ಕಂಕುಳಲ್ಲಿ ಊರುಗೋಲು, ಬಿ.ಕಾಂ. ಓದುತ್ತಾಳೆ. ಇಬ್ಬರೂ ಕಾಲು ಗಂಟೆ ಮೊದಲೇ ಬಂದು ನಿಲ್ಲುತ್ತಾರೆ. ಬಸ್ಸು ಮಾತ್ರ ತನ್ನ ಸಮಯಕ್ಕೆ ಬರುತ್ತದೆ. ಆ ಸಮಯ ಯಾವುದೆಂದು ಅದಕ್ಕೊಂದಕ್ಕೇ ಗೊತ್ತು.

ಕಳೆದ ವಾರ ಹುಡುಗಿ ಕೇಳಿದಳು: ‘ಸಾರ್, ಹೊರದೇಶದ ಯೂನಿವರ್ಸಿಟಿಗಳಲ್ಲಿ ಅಂಗವೈಕಲ್ಯದ ಬಗ್ಗೆಯೇ ಕೋರ್ಸ್ ಇದೆಯಂತೆ. ಅದರಲ್ಲಿ ಬರೆಯೋದನ್ನೂ ಕಲಿಸ್ತಾರಂತೆ, ಹೌದಾ?’ ಹೌದು ಎಂದೆ. ‘ನಮ್ಮಲ್ಲಿ?’ ಎಂದಳು. ‘ಕೈಯಲ್ಲಿ ಏನಮ್ಮ ಅದು?’ ಎಂದೆ. ‘ಅರ್ಜಿ ಸಾರ್’ ಎಂದಳು. ಪ್ರಶ್ನೆ ಕೇಳಿದವಳ ಕೈಯಲ್ಲೇ ಉತ್ತರವಿತ್ತು.

ಆ ಅಧ್ಯಯನದ ತಿರುಳು ಬ್ರಹ್ಮವಿದ್ಯೆಯೇನಲ್ಲ. ಬ್ರಿಟನ್ನಿನ ಮೈಕ್ ಆಲಿವರ್ ತಾವೇ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. 1983ರಲ್ಲಿ ಅವರು ಒಂದು ವಿಚಾರಕ್ಕೆ ‘ಸಾಮಾಜಿಕ ಮಾದರಿ’ ಎಂದು ಹೆಸರಿಟ್ಟರು. ಮನುಷ್ಯನನ್ನು ತಡೆಯುವುದು ಅವನ ಕಾಲಲ್ಲ, ಎದುರಿಗಿರುವ ಮೆಟ್ಟಿಲು ಎಂಬುದು ಅದರ ಸಾರ. ಮುಂದೆ ಆಲಿವರ್ ಈ ವಿಷಯದ ಪ್ರಾಧ್ಯಾಪಕರೂ ಆದರು. ನಮ್ಮ ಹುಡುಗಿಗೆ ಈ ಸಿದ್ಧಾಂತ ಮೊದಲ ಸೆಮಿಸ್ಟರಿನ ಮೊದಲ ದಿನವೇ, ಕಾಲೇಜಿನ ಮುಂಬಾಗಿಲಲ್ಲೇ ಅರ್ಥವಾಗಿತ್ತು. ಅವಳನ್ನು ಪ್ರಾಧ್ಯಾಪಕಿ ಮಾಡಿದವರು ಯಾರೂ ಇಲ್ಲ.

ಕಾನೂನಿಗೇನೂ ಬರವಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ವಿಕಲಚೇತನರ ಹಕ್ಕುಗಳು ವಿಶ್ವವಿದ್ಯಾಲಯ, ಕಾಲೇಜು, ಶಾಲೆಗಳ ಪಠ್ಯದಲ್ಲಿ ಸೇರುವಂತೆ ಸರ್ಕಾರ ನೋಡಿಕೊಳ್ಳಬೇಕು ಎಂದು ಅದರ 39ನೇ ಕಲಂ ಹೇಳುತ್ತದೆ. ಶಾಲೆ, ಕಾಲೇಜು, ವಿಶ್ವವಿದ್ಯಾಲಯ ಮೂರನ್ನೂ ಹೆಸರಿಸಿದೆ, ಯಾರಿಗೂ ಅನುಮಾನ ಬರದಿರಲಿ ಎಂದು. ಅನುಮಾನವೇನೋ ಯಾರಿಗೂ ಬಂದಿಲ್ಲ, ನೆನಪೂ ಬಂದಿಲ್ಲ.

ಇಬ್ಬರ ಪಠ್ಯಕ್ರಮವನ್ನೂ ಇಸಿದುಕೊಂಡು ನಾನೇ ಹುಡುಕಿದೆ. ಬಿ.ಇಡಿ. ಮಾಡುವವರಿಗಾದರೆ ಸಮನ್ವಯ ಶಿಕ್ಷಣವೆಂದು ಒಂದಿಷ್ಟು ಇದೆ. ಇವರ ಹಾಳೆಗಳಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ‘ದುರ್ಬಲ ವರ್ಗಗಳು’ ಎಂಬ ಶೀರ್ಷಿಕೆಯಡಿ ಅಲ್ಪವಿರಾಮಗಳ ನಡುವೆ ಸಿಕ್ಕಿಕೊಂಡ ಒಂದೇ ಒಂದು ಪದ. ಪರೀಕ್ಷೆಯಲ್ಲಿ ಅದನ್ನು ಕೇಳಿದ ದಾಖಲೆ ಇಲ್ಲ ಎಂದ ಹುಡುಗ. ಕೇಳದ ಪ್ರಶ್ನೆಗೆ ಓದುವ ಹುಚ್ಚು ಯಾರಿಗಿದೆ?

ಪಠ್ಯ ಬದಲಿಸಲು ಪುರಸೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. 2021ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷದ್ದೇ ಬಂತು. ಮೂರು ವರ್ಷದಲ್ಲಿ ಎರಡು ಬಾರಿ ಪಠ್ಯವನ್ನು ಬುಡಮೇಲು ಮಾಡಿದವರಿಗೆ 39ನೇ ಕಲಮಿನ ಒಂದು ಸಾಲು ಸೇರಿಸಲು ಜಾಗ ಸಿಗಲಿಲ್ಲ. ಎರಡು ಸಲ ಮನೆ ಬದಲಿಸಿದರೂ ಅಜ್ಜಿಯ ಟ್ರಂಕನ್ನು ಹಳೇ ಮನೆಯಲ್ಲೇ ಮರೆತು ಬಂದವರ ಹಾಗೆ.

ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವ ಜನ ನಾವಲ್ಲ ಬಿಡಿ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿ ಎಂದು 2023ರ ಕೇಂದ್ರ ಬಜೆಟ್ಟಿನಲ್ಲಿ ಕೇಳಿ, ಚಪ್ಪಾಳೆ ತಟ್ಟಿ, ಕಾಲುವೆಯ ಕಡೆ ನೋಡುತ್ತ ಕೂತ ಜಿಲ್ಲೆ ನಮ್ಮದು. ಹೊಸದುರ್ಗ ರೋಡ್ ಎಂಬ ರೈಲು ನಿಲ್ದಾಣವನ್ನು ಹೊಸದುರ್ಗದಿಂದ ಬಸ್ಸು ಹತ್ತಿ ಹೋಗಿ ಮುಟ್ಟುವ ತಾಲ್ಲೂಕು ನಮ್ಮದು. ಹೆಸರೊಂದು ಕಡೆ, ವಸ್ತು ಇನ್ನೊಂದು ಕಡೆ ಇರುವುದು ನಮಗೆ ಹುಟ್ಟಾ ಅಭ್ಯಾಸ.

ಹಾಗಾಗಿ ನಮ್ಮ ಕಡೆಯ ವಿಕಲಚೇತನ ಅಧ್ಯಯನಕ್ಕೆ ಸದ್ಯ ಇರುವುದು ಒಂದೇ ಪತ್ರಿಕೆ: ಅರ್ಜಿ ಬರಹ. ಪ್ರವೇಶ ಮುಕ್ತ, ಶುಲ್ಕ ಜೆರಾಕ್ಸಿನದು ಮಾತ್ರ. ಅವಧಿ ಮಾತ್ರ ಮೂರು ವರ್ಷಕ್ಕೆ ಮುಗಿಯುವುದಿಲ್ಲ.

ಹುಡುಗಿಯ ಹತ್ತಿರ ಒಂದು ಪ್ಲಾಸ್ಟಿಕ್ ಫೈಲಿದೆ. ಗುಂಡಿ ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿದ್ದಾಳೆ. ಒಳಗೆ ಅಂಗವಿಕಲತೆಯ ಪ್ರಮಾಣಪತ್ರ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿನ ನಕಲು, ಆಧಾರ್, ಜಾತಿ-ಆದಾಯ, ವಿದ್ಯಾರ್ಥಿವೇತನದ ರಸೀದಿ, ಪ್ರತಿಯೊಂದೂ ನಾಲ್ಕು ನಾಲ್ಕು ಪ್ರತಿ. ಪಾಠದ ನೋಟ್ಸು ಬೇರೆ ಚೀಲದಲ್ಲಿದೆ. ಯಾವ ಚೀಲ ಹೆಚ್ಚು ಭಾರ ಎಂದು ಕೇಳಬೇಡಿ.

ಆ ಕಾರ್ಡಿನ ಕತೆಯನ್ನೇ ನೋಡಿ. 2021ರ ಜೂನ್ 1ರಿಂದ ಪ್ರಮಾಣಪತ್ರ ಆನ್‌ಲೈನಿನಲ್ಲೇ ಆಗಬೇಕು ಎಂದರು. ಒಳ್ಳೆಯದೇ. ಅರ್ಜಿ ಆನ್‌ಲೈನ್ ಆಯಿತು, ದೇಹ ಆನ್‌ಲೈನ್ ಆಗಲಿಲ್ಲ. ವೈದ್ಯರ ಮುಂದೆ ಕುಂಟುತ್ತಲೇ ಹೋಗಿ ಕುಂಟುತ್ತೇನೆಂದು ಸಾಬೀತು ಮಾಡಬೇಕು. ಒಂದು ತಿಂಗಳೊಳಗೆ ಕೊಡಬೇಕೆಂಬ ನಿಯಮವಿತ್ತು. 2024ರ ತಿದ್ದುಪಡಿಯಲ್ಲಿ ಅದನ್ನು ಮೂರು ತಿಂಗಳು ಮಾಡಿದರು. ಕೆಲಸ ಗಡುವಿಗೆ ಸರಿಯಾಗಿ ಆಗುತ್ತಿಲ್ಲ ಎಂದರೆ ಗಡುವನ್ನೇ ಕೆಲಸಕ್ಕೆ ಸರಿಮಾಡುವುದು ನಮ್ಮ ಆಡಳಿತದ ಹಳೆಯ ಕಸುಬು.

ಅದೇ ತಿದ್ದುಪಡಿಯಲ್ಲಿ ಕಾರ್ಡಿಗೆ ಬಣ್ಣವೂ ಬಂತು. ವೈಕಲ್ಯ ಶೇಕಡಾ ನಲವತ್ತಕ್ಕಿಂತ ಕಡಿಮೆಯಿದ್ದರೆ ಬಿಳಿ, ನಲವತ್ತರಿಂದ ಎಂಬತ್ತರ ಒಳಗೆ ಹಳದಿ, ಅದರ ಮೇಲೆ ನೀಲಿ. ಮನುಷ್ಯನನ್ನು ಶೇಕಡಾವಾರು ಅಳೆಯುವ ವಿದ್ಯೆ ಇಷ್ಟು ಬೆಳೆದಿದೆ. ಕಟ್ಟಡವನ್ನು ಹಾಗೆ ಅಳೆದು, ಇದು ಶೇ 75 ವಿಕಲ ಕಟ್ಟಡ ಎಂದು ಕಾರ್ಡು ಕೊಡುವ ಬೋರ್ಡು ಮಾತ್ರ ಇನ್ನೂ ರಚನೆಯಾಗಿಲ್ಲ.

ಇನ್ನು ಲೆಕ್ಕ. 2011ರ ಜನಗಣತಿ ಎಂಟು ಬಗೆಯ ವೈಕಲ್ಯ ಎಣಿಸಿ ಕರ್ನಾಟಕದಲ್ಲಿ 13.24 ಲಕ್ಷ ಮಂದಿ ಎಂದಿತು. ಕಾಯ್ದೆ 21 ಬಗೆ ಎನ್ನುತ್ತದೆ. ಎಂಟರ ಲೆಕ್ಕ ಇಟ್ಟುಕೊಂಡು ಇಪ್ಪತ್ತೊಂದಕ್ಕೆ ಯೋಜನೆ ಮಾಡುವುದು ಎಂದರೆ ಎಂಟು ಎಲೆ ಹಾಕಿ ಇಪ್ಪತ್ತೊಂದು ಜನರನ್ನು ಊಟಕ್ಕೆ ಕರೆದಂತೆ. ನಿಂತವರು ಅರ್ಜಿ ಬರೆಯಲಿ.

ಬಸ್ ಪಾಸಿನದು ಸಣ್ಣ ಅಧ್ಯಾಯ. ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿ. ಯೋಜನೆ ಚೆನ್ನಾಗಿಯೇ ಇದೆ. ಆದರೆ ಅದು ಸರ್ಕಾರಿ ಬಸ್ಸಿಗೆ. ನಮ್ಮ ಹಳ್ಳಿಗಳ ದಾರಿಯಲ್ಲಿ ಕಾಲೇಜಿನ ಹೊತ್ತಿಗೆ ಹಾರ್ನ್ ಹೊಡೆಯುತ್ತ ಬರುವುದು ಹೆಚ್ಚಾಗಿ ಖಾಸಗಿ ಬಸ್ಸು. ಪಾಸಿರುವ ಬಸ್ಸು ಬರುವುದಿಲ್ಲ, ಬರುವ ಬಸ್ಸಿಗೆ ಪಾಸಿಲ್ಲ.

ಎರಡು ವರ್ಷದ ಅರ್ಜಿಗಳನ್ನು ಅವಳು ಕ್ರಮವಾಗಿ ಇಟ್ಟಿದ್ದಾಳೆ. ಓದುತ್ತ ಹೋದರೆ ಬರಹ ಹೇಗೆ ಬೆಳೆಯುತ್ತದೆಂದು ಕಾಣುತ್ತದೆ. ಮೊದಲನೆಯದರಲ್ಲಿ ‘ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ, ನಾನು ಬಡ ಅಂಗವಿಕಲೆಯಾಗಿದ್ದು’ ಎಂದಿದೆ. ಮೂರನೆಯದರಲ್ಲಿ ‘ವಿನಂತಿ’. ಐದನೆಯದರಲ್ಲಿ ‘ಕಾಯ್ದೆಯ 16ನೇ ಕಲಮಿನಂತೆ ಕಟ್ಟಡ, ಆವರಣ ಮತ್ತು ಸೌಲಭ್ಯಗಳು ನನ್ನಂಥವರ ಬಳಕೆಗೆ ಸಿಗುವಂತಿರಬೇಕಾಗಿದ್ದು’ ಎಂದಿದೆ. ಕೈಮುಗಿಯುವುದರಿಂದ ಕಲಮಿಗೆ ಬರಲು ಎರಡು ವರ್ಷ ಹಿಡಿಯಿತು. ಇದಕ್ಕೆ ಯಾವ ಮೇಷ್ಟರೂ ಅಂಕ ಹಾಕಲಿಲ್ಲ.

ಐದೂ ಅರ್ಜಿಗಳ ವಿಷಯ ಒಂದೇ. ಅವಳ ತರಗತಿ ಮೊದಲ ಮಹಡಿಯಲ್ಲಿದೆ, ಅದನ್ನು ನೆಲಮಹಡಿಗೆ ತನ್ನಿ. ಗೋಡೆ ಒಡೆಯುವುದು ಬೇಡ, ಅನುದಾನ ಬೇಡ, ಟೆಂಡರ್ ಬೇಡ. ಕೆಳಗಿನ ಕೋಣೆಯವರು ಮೇಲೆ ಹೋಗಬೇಕು, ಮೇಲಿನವರು ಕೆಳಗೆ ಬರಬೇಕು, ಅಷ್ಟೇ. ಖರ್ಚಿಲ್ಲದ ಕೆಲಸವಾದ್ದರಿಂದಲೋ ಏನೋ ಯಾರಿಗೂ ಉಮೇದು ಬರಲಿಲ್ಲ.

ಕಾಲೇಜಿನ ಹೆಸರು ಇಲ್ಲಿ ಬೇಡ. ಹೇಳಿದರೆ ಆ ಒಂದು ಕಾಲೇಜು ಮಾತ್ರ ಹೀಗೆ ಎಂದು ಉಳಿದವರು ನಿರಾಳವಾಗಿ ಉಸಿರು ಬಿಡುತ್ತಾರೆ.

ರ‍್ಯಾಂಪ್ ಇಲ್ಲವೇ ಎಂದು ಕೇಳುತ್ತೀರಿ. ಇದೆ. ನೋಡಿ ಬಂದೆ. ಜಗಲಿಗೆ ಮೂರು ಮೆಟ್ಟಿಲು, ಒಂದೊಂದು ಆರಿಂಚು. ಒಟ್ಟು ಒಂದೂವರೆ ಅಡಿ ಎತ್ತರ. ಒಂದಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು ಎಂಬುದು ಒಪ್ಪಿತ ಲೆಕ್ಕ. ಅಂದರೆ ಇಲ್ಲಿ ಹದಿನೆಂಟು ಅಡಿ ಬೇಕಿತ್ತು. ಮೇಸ್ತ್ರಿ ಐದಡಿಯಲ್ಲಿ ಮುಗಿಸಿದ್ದಾನೆ. ಅದರ ಮೇಲೆ ನುಣುಪು ಸಿಮೆಂಟು ಬೇರೆ ಬಳಿದು ಕೆಂಪು ಬಣ್ಣ ಹೊಡೆದಿದ್ದಾರೆ. ಮಳೆ ಬಂದ ದಿನ ಎರಡು ಕಾಲು ಗಟ್ಟಿಯಿರುವ ನಾನೇ ಹಿಡಿಕೆ ಹುಡುಕಿದೆ. ಹಿಡಿಕೆ ಅಂದಾಜುಪಟ್ಟಿಯಲ್ಲಿ ಇದ್ದಿರಬೇಕು.

ಅದು ಹುಟ್ಟಿದ್ದು ಹುಡುಗಿಗಾಗಿ ಅಲ್ಲ, ನ್ಯಾಕ್ ಪರಿಶೀಲನೆಗಾಗಿ. ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್, ರ‍್ಯಾಂಪ್ ಅಥವಾ ಲಿಫ್ಟ್ ಇದೆಯೇ, ಶೌಚಾಲಯವಿದೆಯೇ, ಸೂಚನಾಫಲಕವಿದೆಯೇ, ಓದಿ-ಬರೆದು ಕೊಡುವ ನೆರವಿದೆಯೇ ಎಂದು ಕೇಳುತ್ತಿತ್ತು. ಇದ್ದರೆ ಟಿಕ್ ಹಾಕಿ, ಫೋಟೊ ಲಗತ್ತಿಸಿ. ಫೋಟೊದಲ್ಲಿ ಇಳಿಜಾರಿನ ಕೋನ ಕಾಣುವುದಿಲ್ಲ. ಫೋಟೊ ಚೆನ್ನಾಗಿ ಬಂದಿದೆ ಎಂದು ಹುಡುಗಿಯೇ ಹೇಳಿದಳು. ಅದರಲ್ಲಿ ನಿಂತವಳು ಅವಳೇ. ಕೆಳಗಿನ ತುದಿಯಲ್ಲಿ.

ಶೌಚಾಲಯದ ಬಗ್ಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ಸಂಕೋಚಪಡಬೇಕಾದವನು ನಾನಲ್ಲ. ಗಾಲಿಕುರ್ಚಿಯ ಚಿತ್ರವಿರುವ ಬಾಗಿಲೊಂದಿದೆ. ಬೀಗ ಹಾಕಿದೆ. ಬೀಗದ ಕೈ ಅಟೆಂಡರ ಬಳಿ ಇದೆ. ಒಳಗೆ ಕಸಪೊರಕೆ, ಫಿನಾಯಿಲ್ ಕ್ಯಾನು, ಮುರಿದ ಎರಡು ಬೆಂಚು. ಹುಡುಗಿ ಬೆಳಿಗ್ಗೆ ಏಳಕ್ಕೆ ಒಂದು ಲೋಟ ಕಾಫಿ ಕುಡಿದರೆ ಮತ್ತೆ ನೀರು ಮುಟ್ಟುವುದು ಸಂಜೆ ಮನೆಗೆ ಬಂದ ಮೇಲೆ. ಬೇಸಿಗೆಯಲ್ಲೂ. ಇಂಥದ್ದನ್ನು ಅಳೆಯುವ ಕಲಂ ನ್ಯಾಕಿನ ಪಟ್ಟಿಯಲ್ಲಿ ಇಲ್ಲ.

ಒಂದು ದಿನ ಗುಮಾಸ್ತರು ಅವಳ ಅರ್ಜಿ ಓದಿ, ‘ಕಟ್ಟಡದ ವಿಚಾರ ನಮ್ಮದಲ್ಲಮ್ಮ, ಇದು ಪಿಡಬ್ಲ್ಯುಡಿಗೆ ಸಂಬಂಧಪಟ್ಟಿದ್ದು’ ಎಂದರಂತೆ. ‘ಹೌದು ಸಾರ್, ನನಗೇ ಸಂಬಂಧಪಟ್ಟಿದ್ದು’ ಎಂದಳು ಇವಳು. ಇಂಗ್ಲಿಷಿನಲ್ಲಿ ಲೋಕೋಪಯೋಗಿ ಇಲಾಖೆಗೂ ವಿಕಲಚೇತನರಿಗೂ ಅವೇ ಮೂರು ಅಕ್ಷರ. ಗುಮಾಸ್ತರಿಗೆ ನಗು ಬಂತು. ಅರ್ಜಿ ಮೇಜಿನ ಮೇಲೆ ಉಳಿಯಿತು.

ಕಾನೂನು ಗಡುವನ್ನೂ ಕೊಟ್ಟಿತ್ತು. ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸರಿಯಾಗಬೇಕು. ನಿಯಮ ಬಂದದ್ದು 2017ರ ಜೂನಿನಲ್ಲಿ. ಐದು ವರ್ಷ ಎಂದರೆ 2022ರ ಜೂನ್. ಆ ತಿಂಗಳು ಬಂತು, ಹೋಯಿತು. ಅದೇ ವರ್ಷ ವಾಣಿವಿಲಾಸ ಸಾಗರ ಸುಮಾರು ತೊಂಬತ್ತು ವರ್ಷಗಳ ನಂತರ ಕೋಡಿ ಬಿದ್ದದ್ದನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹೋಗಿತ್ತು. ಈ ಗಡುವು ಮುಗಿದದ್ದನ್ನು ನೋಡಲು ಯಾರೂ ಹೋಗಲಿಲ್ಲ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದರ ಗುಟ್ಟು ರಟ್ಟು ಮಾಡಿತು. ಕಾಯ್ದೆ ‘ಕಡ್ಡಾಯ’ ಎನ್ನುತ್ತದೆ, ಅದರಡಿ ಮಾಡಿದ 15ನೇ ನಿಯಮ ಬರೀ ಶಿಫಾರಸಿನಂತಿದೆ, ಇದು ನಿಲ್ಲದು ಎಂದಿತು. ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು. ತಾಯಿ ‘ತಿನ್ನಲೇಬೇಕು’ ಎಂದಿದ್ದನ್ನು ಮಗು ‘ಬೇಕಿದ್ದರೆ ತಿನ್ನು’ ಎಂದು ಕೇಳಿಸಿಕೊಂಡರೆ ನಗಬಹುದು. ಏಳು ವರ್ಷ ಹಾಗೇ ಕೇಳಿಸಿಕೊಂಡದ್ದು ಮಗುವಲ್ಲ.

ಬೇರೆ ಕಡೆ ಎಲ್ಲವೂ ಸುಖವಾಗಿಯೇ ಶುರುವಾಯಿತು ಎಂದು ಭ್ರಮಿಸಬೇಡಿ. 1962ರಲ್ಲಿ ಅಮೆರಿಕದ ಬರ್ಕ್‌ಲಿಗೆ ಎಡ್ ರಾಬರ್ಟ್ಸ್ ಎಂಬ ಹುಡುಗ ಓದಲು ಬಂದ. ಪೋಲಿಯೊದಿಂದ ಕುತ್ತಿಗೆಯ ಕೆಳಗೆ ಬಲವಿರಲಿಲ್ಲ, ರಾತ್ರಿ ಉಸಿರಾಡಲು ಕಬ್ಬಿಣದ ದೊಡ್ಡ ಯಂತ್ರದೊಳಗೆ ಮಲಗಬೇಕಿತ್ತು. ಆ ಯಂತ್ರದ ಭಾರ ತಡೆಯುವ ಹಾಸ್ಟೆಲ್ ಇಲ್ಲವೆಂದು ಅವನಿಗೆ ಆವರಣದ ಆಸ್ಪತ್ರೆಯಲ್ಲೇ ಕೋಣೆ ಕೊಟ್ಟರು. ಓದಲು ಬಂದವನನ್ನು ರೋಗಿಗಳ ನಡುವೆ ಇಟ್ಟದ್ದು ನಮ್ಮವರಿಗೂ ಹೊಳೆಯಬಹುದಾಗಿದ್ದ ಉಪಾಯವೇ.

ವ್ಯತ್ಯಾಸವಾದದ್ದು ಆಮೇಲೆ. ಅವನ ಹಿಂದೆ ಅಂಥವರೇ ಇನ್ನಷ್ಟು ಹುಡುಗರು ಬಂದರು, ಆಸ್ಪತ್ರೆಯ ಮಹಡಿಯಲ್ಲೇ ಗುಂಪು ಕಟ್ಟಿ ದೂರು ಬರೆದರು, ಜಗಳವಾಡಿದರು. 1970ರ ಹೊತ್ತಿಗೆ ವಿಶ್ವವಿದ್ಯಾಲಯದಲ್ಲೇ ವಿಕಲಚೇತನ ವಿದ್ಯಾರ್ಥಿಗಳದ್ದೇ ಒಂದು ಕಾರ್ಯಕ್ರಮ ಬಂತು, 1972ರಲ್ಲಿ ಊರೊಳಗೆ ಸ್ವತಂತ್ರ ಜೀವನ ಕೇಂದ್ರ ತೆರೆಯಿತು. ಮುಂದೆ ಕೋರ್ಸು ಎಂದು ಕರೆಸಿಕೊಂಡ ವಿಷಯಕ್ಕೆ ಇಂಥ ಜಗಳಗಳೇ ಗೊಬ್ಬರ. ಅಲ್ಲಿ ಅರ್ಜಿ ಪಠ್ಯವಾಯಿತು. ನಮ್ಮಲ್ಲಿ ಅರ್ಜಿ ಕಡತವಾಗುತ್ತದೆ.

ಈಗ ಹುಡುಗನ ಕಡೆ ಬರೋಣ. ಅವನಿಗೆ ಮೆಟ್ಟಿಲಿನ ತಕರಾರಿಲ್ಲ, ಎಣಿಸಿಟ್ಟುಕೊಂಡಿದ್ದಾನೆ. ಅವನ ತಕರಾರು ಅಕ್ಷರದ್ದು. ಫೋನು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ತಕ್ಕಮಟ್ಟಿಗೆ ಓದುತ್ತದೆ. ಒಂದು ದಿನ ಬಸ್ಸಿನಲ್ಲಿ ಮೇಷ್ಟರು ಕಳಿಸಿದ ಪಿಡಿಎಫ್ ತೆರೆದು ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗಿಟ್ಟ. ಕೇಳಿಸಿದ್ದು: ಪಿ, ಎ, ಪೌಂಡ್, ಎ, ಕ್ಯೂ, ಎ. ‘ಏನಪ್ಪಾ ಇದು, ಲಂಡನ್ನಿನ ಬ್ಯಾಂಕೇ?’ ಎಂದೆ. ‘ಇಲ್ಲ ಸಾರ್, ಕನ್ನಡ’ ಎಂದ.

ನಿಜವಾಗಿಯೂ ಅದು ‘ಕನ್ನಡ’ ಎಂಬ ಪದವೇ ಆಗಿತ್ತು. ಹಳೆಯ ನುಡಿ ಫಾಂಟಿನಲ್ಲಿ ಕನ್ನಡ ಅಕ್ಷರದ ವೇಷದ ಹಿಂದೆ ಇಂಗ್ಲಿಷ್ ಚಿಹ್ನೆಗಳು ಅಡಗಿ ಕೂತಿರುತ್ತವೆ. ಕಣ್ಣಿಗೆ ‘ನ’ ಕಾಣುವ ಕಡೆ ಯಂತ್ರಕ್ಕೆ ಕಾಣುವುದು ಪೌಂಡಿನ ಗುರುತು. ಯೂನಿಕೋಡಿನಲ್ಲಿ ಟೈಪಿಸಿದರೆ ಈ ರಗಳೆಯೇ ಇಲ್ಲ, ಅದಕ್ಕೆ ಪೈಸೆ ಖರ್ಚೂ ಇಲ್ಲ. ಆದರೆ ನೋಟ್ಸು ಹತ್ತು ವರ್ಷ ಹಿಂದೆ ಟೈಪಾದದ್ದು. ರಾಜ್ಯೋತ್ಸವದಲ್ಲಿ ಕನ್ನಡ ಉಳಿಸಿ ಎಂದು ಭಾಷಣ ಮಾಡುವವರು ತಮ್ಮ ಭಾಷಣದ ಪಿಡಿಎಫನ್ನು ಒಮ್ಮೆ ಈ ಹುಡುಗನ ಫೋನಿಗೆ ಕಳಿಸಲಿ.

ಕುರುಡರು ಓದುವ ರೂಪಕ್ಕೆ ಪುಸ್ತಕಗಳನ್ನು ತರಲು ಹಕ್ಕುಸ್ವಾಮ್ಯ ಅಡ್ಡಿಯಾಗದಿರಲಿ ಎಂದು 2013ರಲ್ಲಿ ಮರ‍್ರಕೇಶಿನಲ್ಲಿ ಒಪ್ಪಂದವಾಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. ಅನುಮೋದಿಸುವುದರಲ್ಲಿ ನಮ್ಮನ್ನು ಹಿಂದಿಕ್ಕಿದವರಿಲ್ಲ. ಟೈಪ್ ಮಾಡುವುದರಲ್ಲಿ ನೋಡೋಣ.

ಪರೀಕ್ಷೆ ಬಂತೆಂದರೆ ಸ್ಕ್ರೈಬ್ ಹುಡುಕಬೇಕು. ಹೇಳಿದ್ದನ್ನು ಬರೆಯುವ ಲಿಪಿಕಾರ. 2018ರ ಆಗಸ್ಟಿನ ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕು. ಅಭ್ಯರ್ಥಿ ತಾನೇ ಕರೆತಂದ ಸ್ಕ್ರೈಬ್ ವಿದ್ಯಾರ್ಹತೆಯಲ್ಲಿ ಅವನಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ನಕಲು ಆಗದಿರಲಿ ಎಂಬ ಕಾಳಜಿ. ಪರಿಣಾಮ ಏನೆಂದರೆ ಅರ್ಥಶಾಸ್ತ್ರ ಕೇಳಿಯೇ ಇರದವರನ್ನು ಕರೆತಂದು ಅರ್ಥಶಾಸ್ತ್ರ ಬರೆಸಬೇಕು, ಅದೂ ಅವರದೇ ಪರೀಕ್ಷೆ ಇಲ್ಲದ ದಿನ ನೋಡಿ. ಇಂಥ ಮುಹೂರ್ತ ಹುಡುಕಲು ಪಂಚಾಂಗವೇ ಬೇಕು.

ಕಳೆದ ಸಲ ಸಿಕ್ಕವಳು ಪಕ್ಕದ ಬೀದಿಯ ಪಿಯುಸಿ ವಿಜ್ಞಾನದ ಹುಡುಗಿ. ‘ಸ್ಥಿತಿಸ್ಥಾಪಕತ್ವ’ ಎಂದು ಇವನು ಹೇಳಿದ. ಅವಳು ಭೌತಶಾಸ್ತ್ರದ ರಬ್ಬರ್ ನೆನೆಸಿಕೊಂಡು ‘ಅಣ್ಣಾ, ಇದು ನಿಮ್ಮ ಸಬ್ಜೆಕ್ಟಲ್ಲೂ ಇದೆಯಾ?’ ಎಂದಳಂತೆ. ಬೇಡಿಕೆಯದ್ದು ಎಂದ. ಬರೆದಳು. ಆಮೇಲೆ ಬಂತು ಬೇಡಿಕೆ ರೇಖೆ.

ಚಿತ್ರ ಬಿಡಿಸಬೇಕಾದ ಪ್ರಶ್ನೆಗೆ ಬದಲಾಗಿ ಕಣ್ಣು ಕಾಣದವರಿಗೆ ಬೇರೆ ಪ್ರಶ್ನೆ ಕೊಡಬೇಕು ಎಂದು ಅದೇ ಮಾರ್ಗಸೂಚಿಯಲ್ಲಿದೆ. ಪ್ರಶ್ನೆಪತ್ರಿಕೆಯಲ್ಲಿರಲಿಲ್ಲ. ಆದ್ದರಿಂದ ಎಂದೂ ರೇಖೆಯನ್ನೇ ಕಾಣದವನು ರೇಖೆಯ ಅರ್ಥ ಕೇಳಿರದವಳಿಗೆ ಬಾಯಲ್ಲೇ ಚಿತ್ರ ಹೇಳಿಕೊಟ್ಟ. ‘ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಸಮ್ಮ.’ ‘ಎಷ್ಟು ಇಳಿಸ್ಲಿ ಅಣ್ಣಾ?’ ‘ನಮ್ ಕಾಲೇಜ್ ರ‍್ಯಾಂಪಿನಷ್ಟಲ್ಲ, ಒಂದಿಷ್ಟು ನಿಧಾನಕ್ಕೆ.’ ಮೇಲ್ವಿಚಾರಕರು ಮಾತಾಡಬೇಡಿ ಎಂದರಂತೆ. ಮಾತಾಡದೆ ಬರೆಸುವ ವಿಧಾನ ಮಾರ್ಗಸೂಚಿಯಲ್ಲಿ ಇಲ್ಲ.

ಮೂರು ಗಂಟೆ ಮುಗಿದು ಉಳಿದವರೆಲ್ಲ ಎದ್ದರು. ಇವನಿಗೆ ಇನ್ನೂ ಒಂದು ಗಂಟೆ ಹಕ್ಕಿನದು. ಹಾಲಿನಲ್ಲಿ ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು, ಬೆಂಚು ಎಳೆದರು. ‘ಇನ್ನೂ ಎಷ್ಟಪ್ಪಾ?’ ಎಂದು ಎರಡು ಸಲ ಕೇಳಿದರು. ಯಾರೂ ಎದ್ದೇಳು ಎನ್ನಲಿಲ್ಲ. ನಿಯಮ ಮುರಿದವರು ಯಾರೂ ಇಲ್ಲ. ಹುಡುಗ ಇಪ್ಪತ್ತು ನಿಮಿಷಕ್ಕೇ ಎದ್ದು ಬಂದ.

ಈ ವ್ಯವಸ್ಥೆ ನಡೆಯುತ್ತಿರುವುದು ಪುಣ್ಯಾತ್ಮರ ಭುಜದ ಮೇಲೆ. ಬೆಂಗಳೂರಿನ ಪುಷ್ಪಾ ಎಂಬುವರು ಹೀಗೆ ಬೇರೆಯವರಿಗಾಗಿ ಸಾವಿರಕ್ಕೂ ಹೆಚ್ಚು ಪರೀಕ್ಷೆ ಬರೆದುಕೊಟ್ಟಿದ್ದಾರೆ. 2019ರಲ್ಲಿ ರಾಷ್ಟ್ರಪತಿಗಳಿಂದ ನಾರಿ ಶಕ್ತಿ ಪುರಸ್ಕಾರವನ್ನೂ ಪಡೆದರು. ಅವರಿಗೆ ಕೈಮುಗಿಯೋಣ. ಆದರೆ ಒಬ್ಬರು ಸಾವಿರ ಪರೀಕ್ಷೆ ಬರೆಯಬೇಕಾಗಿ ಬಂದದ್ದೇಕೆ ಎಂದು ಪುರಸ್ಕಾರ ಕೊಟ್ಟವರು ತಮ್ಮನ್ನು ತಾವು ಕೇಳಿಕೊಂಡಂತೆ ಕಾಣಲಿಲ್ಲ. ವಿಶ್ವವಿದ್ಯಾಲಯದ ಕೆಲಸವನ್ನು ಪುಕ್ಕಟೆ ಮಾಡಿದವರಿಗೆ ನಮ್ಮಲ್ಲಿ ಸಿಗುವುದು ಪದಕ.

ಕಾರ್ಡಿನಲ್ಲಿ ಶೇ 40 ಇಲ್ಲದವರ ಪಾಡು ಇನ್ನೊಂದು. ವಿಕಾಸ್ ಕುಮಾರ್ ಎಂಬ ವೈದ್ಯ ಪದವೀಧರ ಬರೆಯಲು ಹೊರಟರೆ ಕೈ ಸೆಳೆದುಕೊಳ್ಳುತ್ತಿತ್ತು. ಯುಪಿಎಸ್‌ಸಿ ಸ್ಕ್ರೈಬ್ ಕೊಡಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋಗಿ 2021ರ ಫೆಬ್ರುವರಿಯಲ್ಲಿ ಗೆದ್ದರು: ಶೇ 40ರ ಮಿತಿ ಇಲ್ಲಿಗೆ ಸಲ್ಲದು ಎಂದು ತೀರ್ಪಾಯಿತು. ಒಂದು ಪರೀಕ್ಷೆ ಬರೆಯಲು ಒಬ್ಬ ಬರಹಗಾರ ಬೇಕೆಂದರೆ ಮೊದಲು ಒಬ್ಬ ವಕೀಲ ಬೇಕು.

ಇಷ್ಟರ ನಡುವೆ ನಾವು ಶ್ರದ್ಧೆಯಿಂದ ಮಾಡಿದ ಕೆಲಸ ಒಂದಿದೆ: ಹೆಸರು ಬದಲಿಸುವುದು. ‘ಅಂಗವಿಕಲ’ ಎಂದರೆ ನೋವಾದೀತು ಎಂದು ‘ವಿಕಲಚೇತನ’ ಎಂದೆವು. ಅಂಗ ಮಾತ್ರ ಊನವಾಗಿದ್ದವರಿಗೆ ಚೇತನವೂ ಊನವಾಯಿತು. ಅದೂ ಸರಿಯಿಲ್ಲವೆಂದು ‘ವಿಶೇಷಚೇತನ’. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂದರು. ‘ದಿವ್ಯ ಅಂತ ಬೇಕಾದ್ರೂ ಕರೀಲಿ ಸಾರ್, ಆ ಬೀಗದ ಕೈ ಕೊಡ್ಲಿ’ ಎಂದಳು ಹುಡುಗಿ.

ಚಲನಚಿತ್ರಗಳಲ್ಲಿ ವಿಕಲಚೇತನರನ್ನು ಗೇಲಿಯ ಸರಕು ಮಾಡಬೇಡಿ ಎಂದು ನಿಪುಣ್ ಮಲ್ಹೋತ್ರ ಪ್ರಕರಣದಲ್ಲಿ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾವು ಪತ್ರಿಕೆಯವರೂ ಕೇಳಿಸಿಕೊಳ್ಳಬೇಕಿತ್ತು. ‘ಕುರುಡು ಆಡಳಿತ’, ‘ಕಿವುಡು ಸರ್ಕಾರ’, ‘ಕುಂಟುತ್ತ ಸಾಗಿದ ಕಾಮಗಾರಿ’ ಇವು ನಮ್ಮ ನಿತ್ಯದ ಶೀರ್ಷಿಕೆಗಳು, ನಾನೂ ಬರೆದಿದ್ದೇನೆ. ಹುಡುಗ ಒಮ್ಮೆ ಹೇಳಿದ: ‘ಸಾರ್, ನಾನು ಬಸ್ ನಂಬರ್ ಕೇಳಿ ಹತ್ತುತೀನಿ, ಚಿಲ್ಲರೆ ಮುಟ್ಟಿ ಎಣಿಸ್ತೀನಿ. ಆಡಳಿತ ನನ್ನಷ್ಟು ಕುರುಡಾಗಿದ್ರೆ ಸಾಕಿತ್ತು.’ ಆ ಶೀರ್ಷಿಕೆ ಕೊಡುವುದನ್ನು ಅವತ್ತಿಗೆ ಬಿಟ್ಟೆ.

ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ, 1992ರಿಂದ ಆಚರಣೆಯಲ್ಲಿದೆ. ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆ ಇಟ್ಟರು. ವಿಷಯ: ವಿಕಲಚೇತನ ಸಾಧಕರು. ಅಂಗವೈಕಲ್ಯದ ಕುರಿತು ಬರವಣಿಗೆಯ ತರಬೇತಿ ಎಂದು ನಮ್ಮಲ್ಲಿ ಏನಾದರೂ ಇದ್ದರೆ ಈ ಒಂದು ಗಂಟೆ, ವರ್ಷಕ್ಕೊಮ್ಮೆ. ಪುಟ್ಟರಾಜ ಗವಾಯಿಗಳು, ಮಾಲತಿ ಹೊಳ್ಳ, ಪದ್ಮಶ್ರೀ ಕೆ.ಎಸ್. ರಾಜಣ್ಣ, ಹೆಲೆನ್ ಕೆಲ್ಲರ್ ಎಲ್ಲರೂ ಬಂದು ಹಾಳೆ ತುಂಬಿದರು. ಆ ಸಾಧನೆಗಳು ಸಣ್ಣವಲ್ಲ. ಆದರೆ ಪದ್ಮಶ್ರೀ ಸಿಗದಿದ್ದವರಿಗೂ ಮೂತ್ರಕ್ಕೆ ಹೋಗಬೇಕಾಗುತ್ತದೆ.

ಹುಡುಗಿ ಬರೆದದ್ದು ಆ ಬೀಗದ ಬಾಗಿಲಿನ ಬಗ್ಗೆ. ತೀರ್ಪುಗಾರರು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ಕೊಟ್ಟರು. ಬಹುಮಾನ ಹೆಲೆನ್ ಕೆಲ್ಲರಳಿಗೆ ಹೋಯಿತು, ಅಂದರೆ ಅವಳ ಬಗ್ಗೆ ಬರೆದವರಿಗೆ.

ಆ ಹೆಲೆನ್ ಕೆಲ್ಲರ್ ಸ್ವತಃ ಸ್ಪರ್ಧೆಗೆ ಕೂತಿದ್ದರೂ ವಿಷಯಾಂತರವೇ ಆಗುತ್ತಿತ್ತು. ಆಕೆ 1904ರಲ್ಲಿ ಪದವಿ ಪಡೆದದ್ದನ್ನು ನಮ್ಮ ಪ್ರಬಂಧಗಳು ಹೇಳುತ್ತವೆ; 1909ರಲ್ಲಿ ಸಮಾಜವಾದಿ ಪಕ್ಷ ಸೇರಿದ್ದನ್ನು ಹೇಳುವುದಿಲ್ಲ. ಕುರುಡುತನಕ್ಕೆ ಹಣೆಬರಹವಷ್ಟೇ ಅಲ್ಲ, ಬಡತನ ಮತ್ತು ಕಾರ್ಖಾನೆಗಳ ದುಃಸ್ಥಿತಿಯೂ ಕಾರಣ ಎಂದು ಆಕೆ ಬರೆದಳು. ಸ್ಫೂರ್ತಿ ಬೇಕಾದವರಿಗೆ ಆ ಭಾಗ ರುಚಿಸುವುದಿಲ್ಲ. ಹಾಗಾಗಿ ನಮ್ಮ ಮಕ್ಕಳ ಪ್ರಬಂಧದಲ್ಲಿ ಆಕೆ ಇವತ್ತಿಗೂ ಬಾಲ್ಯದಲ್ಲಿ ಪದದ ಅರ್ಥ ಹೊಳೆದ ನೀರಿನ ಪಂಪಿನ ಹತ್ತಿರವೇ ನಿಂತಿದ್ದಾಳೆ.

ಪಂಪು ಎಂದಾಗ ನೆನಪಾಯಿತು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದಾಗುತ್ತದೆ, ಆಮೇಲೆ ಮೊಣಕಾಲು ಬಿಗಿಯುತ್ತದೆ, ಕಡೆಗೆ ಬೆನ್ನು ಬಾಗುತ್ತದೆ. ಕಾಯ್ದೆಯ 21 ಬಗೆಗಳಲ್ಲಿ ಇದಕ್ಕೆ ಬೇರೆ ಹೆಸರಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ ಅಜ್ಜನ ಬೆನ್ನು ವಯಸ್ಸಿಗೆ ಬಾಗಿತೋ ನೀರಿಗೆ ಬಾಗಿತೋ ಎಂದು ಒಬ್ಬ ವಿದ್ಯಾರ್ಥಿ ನಾಲ್ಕು ಪುಟ ಬರೆದರೆ ಅದು ಒಳ್ಳೆಯ ಅಧ್ಯಯನವೇ. ಬರೆಸುವವರಿಲ್ಲ. ಐದು ರೂಪಾಯಿ ನಾಣ್ಯ ಹಾಕುವ ನೀರಿನ ಘಟಕ ಕೆಟ್ಟ ದಿನ ಎಲ್ಲರೂ ಮತ್ತೆ ಅದೇ ಬೋರಿಗೆ ಹೋಗುತ್ತಾರೆ.

ಸಮಾರಂಭದ ವರದಿಯೂ ಬಂತು. ಹುಡುಗಿ ವೇದಿಕೆಯ ಪಕ್ಕ ನಿಂತ ಚಿತ್ರ, ಮೇಲೆ ‘ವೈಕಲ್ಯ ಮೆಟ್ಟಿ ನಿಂತ ಛಲಗಾತಿ’. ಅವಳು ಕತ್ತರಿಸಿ ಫೈಲಿಗೆ ಸೇರಿಸಿದ್ದಾಳೆ. ‘ವೈಕಲ್ಯ ಮೆಟ್ಟೋಕೆ ಏನಿದೆ ಸಾರ್, ಅದು ನನ್ ಜೊತೆನೇ ಬರುತ್ತೆ. ಮೆಟ್ಟಿಲು ಹತ್ತೋದೇ ಕಷ್ಟ’ ಎಂದಳು. ವೇದಿಕೆಗೆ ನಾಲ್ಕು ಮೆಟ್ಟಿಲಿದ್ದವು, ಚಿತ್ರದಲ್ಲಿ ಕತ್ತರಿಸಿಹೋಗಿವೆ.

ಆರನೇ ಅರ್ಜಿ ಈಗ ಸಿದ್ಧವಾಗುತ್ತಿದೆ. ಮೊನ್ನೆ ಬಸ್ಸಿಗೆ ಕಾಯುತ್ತ, ಊರುಗೋಲನ್ನು ಗೋಡೆಗಾನಿಸಿ, ಫೈಲನ್ನೇ ಹಲಗೆ ಮಾಡಿಕೊಂಡು ಬರೆಯುತ್ತಿದ್ದಳು. ಹುಡುಗ ಪಕ್ಕದಲ್ಲಿ ಕೂತು ವಾಕ್ಯ ಹೇಳಿಕೊಡುತ್ತಿದ್ದ: ‘“ಕೋರುತ್ತೇನೆ” ಬೇಡ, “ತಿಳಿಸತಕ್ಕದ್ದು” ಅಂತ ಹಾಕು.’ ಥೇಟ್ ಅಭ್ಯರ್ಥಿ ಮತ್ತು ಸ್ಕ್ರೈಬ್ ಕೂತ ಹಾಗಿತ್ತು. ಇವಳು ಅವನಿಗಿಂತ ಒಂದು ಹಂತ ಕೆಳಗಿಲ್ಲ, ಆದ್ದರಿಂದ ಪರೀಕ್ಷೆಗೆ ಈ ಜೋಡಿ ಅಸಿಂಧು.

‘ಇಂದ’ ಬರೆದಾಗಿತ್ತು. ‘ವಿಷಯ’ ಬರೆದಾಗಿತ್ತು. ‘ಮಾನ್ಯರೇ’ ಕೂಡ ಆಗಿತ್ತು. ‘ಗೆ’ ಎಂಬಲ್ಲಿ ಪೆನ್ನು ನಿಂತಿತು. ಕಾಲೇಜಿನವರು ಕಟ್ಟಡದವರನ್ನು ತೋರಿಸಿದ್ದರು, ಕಟ್ಟಡದವರು ವಿಶ್ವವಿದ್ಯಾಲಯವನ್ನು, ಅಲ್ಲಿಂದ ಇಲಾಖೆಗೆ, ಇಲಾಖೆಯಿಂದ ಮತ್ತೆ ಕಾಲೇಜಿಗೆ. ‘ಯಾರಿಗೆ ಅಂತ ಬರೀಲಿ ಸಾರ್?’ ಎಂದು ನನ್ನ ಮುಖ ನೋಡಿದಳು.

ಅಷ್ಟರಲ್ಲಿ ಬಸ್ಸು ಬಂತು. ಖಾಸಗಿ. ಪಾಸು ನಡೆಯುವುದಿಲ್ಲ. ಕ್ಲೀನರ್ ಹುಡುಗ ಕೆಳಗಿಳಿದು ಅವಳ ಊರುಗೋಲು ಇಸಿದುಕೊಂಡ. ನಮ್ಮ ಹುಡುಗ ಕಂಬಿ ಹಿಡಿದು ಮೂರು ಎಣಿಸಿ ಹತ್ತಿದ. ಅರ್ಜಿ ನನ್ನ ಕೈಯಲ್ಲೇ ಉಳಿಯಿತು. ಮೇಜಿನ ಮೇಲಿಟ್ಟುಕೊಂಡು ಈ ಅಂಕಣ ಬರೆಯುತ್ತಿದ್ದೇನೆ. ‘ಗೆ’ ಎಂಬುದರ ಕೆಳಗಿನ ಎರಡು ಸಾಲು ಇನ್ನೂ ಖಾಲಿ ಇದೆ.